ಬೇಸಿಗೆಯಲ್ಲೇ ಹೊಳೆ ಬಂತು!

ಜಾತ್ರೆ ಹತ್ತಿರ ಬಂತೆಂದರೆ ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಹಳ್ಳಿಗಳಲ್ಲಿ ನಾಟಕದ ತಾಲೀಮು ಶುರುವಾಗುತ್ತದೆ. ಹಗಲೆಲ್ಲ ಕಬ್ಬಿನ ಹೊಲದಲ್ಲಿ ದುಡಿದ ಹುಡುಗರು ಊಟ ಮುಗಿಸಿಕೊಂಡು ಗುಡಿಯ ಪೌಳಿಯಲ್ಲೋ ಶಾಲೆಯ ಪಡಸಾಲೆಯಲ್ಲೋ ಸೇರುತ್ತಾರೆ. ನಾಯಕನಿದ್ದಾನೆ, ಖಳನಾಯಕನಿದ್ದಾನೆ, ಹಾಸ್ಯದವನೂ ಇದ್ದಾನೆ. ಇಲ್ಲದಿರುವುದು ನಾಯಕಿ ಮಾತ್ರ. ಆಕೆ ಪರಊರಿನ ಕಲಾವಿದೆ. ಪ್ರಯೋಗದ ದಿನ, ಹೆಚ್ಚೆಂದರೆ ಹಿಂದಿನ ದಿನ ಬರುತ್ತಾಳೆ. ಹಾಗೆಂದು ತಾಲೀಮು ನಿಲ್ಲುತ್ತದೆಯೇ? ಇಲ್ಲ. ಪೇಟಿ ಮಾಸ್ತರರೇ ನಾಯಕಿಯ ಮಾತುಗಳನ್ನೂ ಹೇಳುತ್ತಾರೆ. ದಪ್ಪ ಮೀಸೆಯ ಮಾಸ್ತರರು ‘ಪ್ರಾಣಕಾಂತಾ’ ಎಂದಾಗ ನಗುವವರು ನಗುತ್ತಾರೆ. ಆದರೆ ನಾಯಕನ ಪಾಠ ಮಾತ್ರ ನಿಲ್ಲುವುದಿಲ್ಲ.

ಗಣಕಯಂತ್ರದ ಜಗತ್ತಿನಲ್ಲೂ ಇಂಥ ಪೇಟಿ ಮಾಸ್ತರರಿದ್ದಾರೆ. ವೆಬ್ ಪುಟಗಳನ್ನು ಕಟ್ಟುವವರು ನಿಜವಾದ ಸರ್ವರ್ ಸಿದ್ಧವಾಗುವ ಮೊದಲೇ, ಅದರ ಬದಲಿಗೆ ನಿಂತು ಉತ್ತರ ಕೊಡುವ ಒಂದು ನಕಲಿಯನ್ನು ಮಾಡಿಕೊಳ್ಳುತ್ತಾರೆ. ಇದಕ್ಕೆ ‘ಮಾಕಿಂಗ್’ ಎಂದು ಹೆಸರು. ಮಳೆಗಾಲಕ್ಕೆ ಮುಂಚೆ ನದಿ ದಂಡೆಯಲ್ಲಿ ನಡೆಯುವ ಅಣಕು ಕಾರ್ಯಾಚರಣೆ, ಕಾಲೇಜಿನಲ್ಲಿ ನಡೆಯುವ ಅಣಕು ಸಂಸತ್ತು ನಿಮಗೆ ಗೊತ್ತು. ಇದು ಅಣಕು ಉತ್ತರ. ಕಂಪ್ಯೂಟರ್ ಓದುವ ಮಕ್ಕಳು ಇದನ್ನು ಸಾಮಾನ್ಯವಾಗಿ ಕೊನೆಯ ವರ್ಷದ ಪ್ರಾಜೆಕ್ಟ್ ಹೊತ್ತಿಗೆ ಕಲಿಯುತ್ತಾರೆ. ಆದರೆ ಇದರಲ್ಲಿ ಪರೀಕ್ಷೆಯ ಅಂಕಕ್ಕಿಂತ ದೊಡ್ಡದೊಂದು ಪಾಠವಿದೆ.

ಏನಿದು ಎಪಿಐ?

ಮೊಬೈಲಿನಲ್ಲಿ ಬಸ್ಸಿನ ಸಮಯವನ್ನೋ, ಬ್ಯಾಂಕಿನ ಶಿಲ್ಕನ್ನೋ, ಪರೀಕ್ಷೆಯ ಫಲಿತಾಂಶವನ್ನೋ ನೋಡುವಾಗ ನಮ್ಮ ಕಣ್ಣಿಗೆ ಕಾಣುವುದು ಪುಟ ಮಾತ್ರ. ಅಂಕಿಗಳು ಇರುವುದು ಬೇರೆಲ್ಲೋ ಕುಳಿತ ಸರ್ವರ್‌ನಲ್ಲಿ. ಪುಟ ಒಂದು ಪ್ರಶ್ನೆ ಕಳಿಸುತ್ತದೆ, ಸರ್ವರ್ ಒಂದು ಉತ್ತರ ಕಳಿಸುತ್ತದೆ. ಪ್ರಶ್ನೆ ಹೀಗಿರಬೇಕು, ಉತ್ತರ ಹೀಗಿರುತ್ತದೆ ಎಂದು ಇಬ್ಬರ ನಡುವೆ ಆದ ಕರಾರೇ ಎಪಿಐ. ಉತ್ತರ ಹೆಚ್ಚಾಗಿ ‘ಜೇಸನ್’ ಎಂಬ ಸರಳ ಬರಹದ ರೂಪದಲ್ಲಿ ಬರುತ್ತದೆ. ‘ಊರು: ಯಡೂರ, ಹರಿವು: 98000, ಸಮಯ: ಬೆಳಗಿನ 6’ ಎಂಬಂತೆ ಹೆಸರು ಮತ್ತು ಬೆಲೆಗಳ ಜೋಡಿ, ಅಷ್ಟೇ. ಪ್ರತಿ ಉತ್ತರದ ತಲೆಯ ಮೇಲೆ ಮೂರು ಅಂಕಿಯ ಒಂದು ಸಂಕೇತವಿರುತ್ತದೆ. 200 ಎಂದರೆ ಎಲ್ಲ ಸರಿ. 404 ಎಂದರೆ ನೀವು ಕೇಳಿದ್ದು ಇಲ್ಲಿಲ್ಲ. 500 ಎಂದರೆ ಸರ್ವರ್‌ನಲ್ಲೇ ಏನೋ ಕೆಟ್ಟಿದೆ. 503 ಎಂದರೆ ಈಗ ಸೇವೆ ಕೊಡಲಾಗದು, ಆಮೇಲೆ ಬನ್ನಿ.

ಪುಟ ಕಟ್ಟುವವನ ಕಷ್ಟ ಇರುವುದು ಇಲ್ಲಿಯೇ. ಸರ್ವರ್ ಇನ್ನೂ ತಯಾರಾಗಿಲ್ಲದಿರಬಹುದು. ತಯಾರಾಗಿದ್ದರೂ ಅದು ಯಾವಾಗಲೂ ಒಳ್ಳೆಯ ಉತ್ತರವನ್ನೇ ಕೊಡುತ್ತಿರಬಹುದು. ಕೆಟ್ಟ ಉತ್ತರ ಬಂದಾಗ ಪುಟ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಬೇಕಾದರೆ ಸರ್ವರ್ ಕೆಡುವವರೆಗೆ ಕಾಯಬೇಕೇ? ಹೊಳೆಗೆ ಮಹಾಪೂರ ಬರುವವರೆಗೆ ಕಾದು ಈಜು ಕಲಿಯುತ್ತೇವೆಯೇ?

ಯಡೂರದ ಹುಡುಗಿಯ ಪ್ರಾಜೆಕ್ಟ್

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಕೃಷ್ಣೆಯ ದಂಡೆಯ ಯಡೂರದ ಹುಡುಗಿಯೊಬ್ಬಳು ಚಿಕ್ಕೋಡಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಈ ಭಾಗದ ಮಳೆಗಾಲ ಎಂಥದೆಂದು ಅವಳಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಇಲ್ಲಿ ಒಂದು ಹನಿ ಬೀಳದಿದ್ದರೂ ಸಹ್ಯಾದ್ರಿಯಲ್ಲಿ ಮಳೆ ಸುರಿದರೆ ಸಾಕು, ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬಿ ಬರುತ್ತವೆ. ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ನೀರು ಬಿಟ್ಟರೆಂಬ ಸುದ್ದಿ ಬಂದರೆ ನದಿ ದಂಡೆಯವರು ದನಕರುಗಳ ಹಗ್ಗ ಬಿಚ್ಚಲು ಸಿದ್ಧರಾಗುತ್ತಾರೆ. ಕಲ್ಲೋಳ–ಯಡೂರ, ಕಾರದಗಾ–ಭೋಜ, ಮಲಿಕವಾಡ–ದತ್ತವಾಡ, ಜತ್ರಾಟ–ಭಿವಶಿ, ಕುಡಚಿ–ಉಗಾರ ಇವೆಲ್ಲ ಹಲವು ಮಳೆಗಾಲಗಳಲ್ಲಿ ನೀರಿನಡಿ ಹೋದ ಹಾದಿಗಳು. 2005ರ ಮತ್ತು 2019ರ ಮಹಾಪೂರಗಳನ್ನು ಕಂಡವರು ಮರೆತಿಲ್ಲ. 2021ರ ಜುಲೈನಲ್ಲಿ ನಿಪ್ಪಾಣಿ ಹತ್ತಿರದ ಯಮಗರ್ಣಿ ಬಳಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆಯೇ ನೀರು ಬಂದು ವಾಹನಗಳು ನಿಂತವು.

ಆದ್ದರಿಂದ ಅವಳು ಒಂದು ವೆಬ್ ಪುಟ ಕಟ್ಟಲು ಹೊರಡುತ್ತಾಳೆ. ಕೆಲಸ ಸರಳ. ಯಾವ ಸೇತುವೆಯ ಬಳಿ ನೀರಿನ ಹರಿವು ಎಷ್ಟು, ದಾರಿ ತೆರೆದಿದೆಯೇ ಮುಚ್ಚಿದೆಯೇ ಎಂದು ತೋರಿಸಬೇಕು. ಹರಿವು ಮಿತಿಯೊಳಗಿದ್ದರೆ ಹಸಿರು, ಮೀರಿದರೆ ಕೆಂಪು. ಕಾಲೇಜಿಗೆ ಹೋಗುವ ಗೆಳತಿಯರು ಮನೆ ಬಿಡುವ ಮುಂಚೆ ನೋಡಿಕೊಳ್ಳಲಿ ಎಂಬುದು ಆಸೆ.

ಆದರೆ ಪ್ರಾಜೆಕ್ಟ್ ಒಪ್ಪಿಸಬೇಕಾದದ್ದು ಏಪ್ರಿಲ್‌ನಲ್ಲಿ. ಹೊಳೆ ಆಗ ಬತ್ತಿ ಮರಳು ಕಾಣುತ್ತಿರುತ್ತದೆ! ಕೆಂಪು ಬಣ್ಣ ಸರಿಯಾಗಿ ಬರುತ್ತದೆಯೇ ಎಂದು ನೋಡಲು ನೀರೇ ಇಲ್ಲ. ಆಗ ಅವಳು ತನ್ನ ಗಣಕಯಂತ್ರದಲ್ಲೇ ಒಂದು ಅಣಕು ಸರ್ವರ್ ಎಬ್ಬಿಸಿ ‘ಹರಿವು: 125000’ ಎಂಬ ಉತ್ತರವನ್ನು ಬರೆದಿಡುತ್ತಾಳೆ. ತೆರೆ ಕೆಂಪಾಗುತ್ತದೆ. ಹಿಂದೆ ನಿಂತು ನೋಡಿದ ಅಪ್ಪ ಗಾಬರಿ.

“ಏನವಾ, ಬ್ಯಾಸಿಗ್ಯಾಗ ಹೊಳಿ ಬಂತು ಅಂತ ತೋರಸಾಕತ್ತೀಯಲ್ಲ?”

“ಅಪ್ಪಾ, ಇದು ಖರೇ ಅಲ್ಲ. ತಾಲೀಮು!”

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್ ನೀರು. 1,25,000 ಕ್ಯೂಸೆಕ್ ಎಂದರೆ ಸೆಕೆಂಡಿಗೆ 35 ಲಕ್ಷ ಲೀಟರಿಗೂ ಮಿಕ್ಕಿ. ಅಷ್ಟು ನೀರನ್ನು ಒಂದು ಸಾಲಿನಲ್ಲಿ ತರಿಸುವ ಶಕ್ತಿ ಈ ತಾಲೀಮಿಗಿದೆ.

ಒಳ್ಳೆಯ ದಿನವಲ್ಲ, ಕೆಟ್ಟ ದಿನ

ಇಲ್ಲಿಗೆ ಕೆಲಸ ಮುಗಿಯಿತೆಂದು ಬಹಳ ಮಕ್ಕಳು ತಿಳಿಯುತ್ತಾರೆ. ನಿಜವಾದ ಕೆಲಸ ಇಲ್ಲಿಂದ ಶುರು. ಅಣಕು ಉತ್ತರದ ಉಪಯೋಗ ಇರುವುದು ಒಳ್ಳೆಯ ದಿನವನ್ನು ತೋರಿಸುವುದರಲ್ಲಲ್ಲ, ಕೆಟ್ಟ ದಿನವನ್ನು ಮುಂಚೆಯೇ ತಂದು ನಿಲ್ಲಿಸುವುದರಲ್ಲಿ. ನಮ್ಮ ಹುಡುಗಿ ಮಿತಿಯನ್ನು ತಾಲೀಮಿಗಾಗಿ 1 ಲಕ್ಷ ಕ್ಯೂಸೆಕ್ ಎಂದು ಇಟ್ಟುಕೊಂಡಿದ್ದಾಳೆ ಎನ್ನೋಣ. ಅವಳು ಪ್ರಯತ್ನಿಸಬೇಕಾದ ಉತ್ತರಗಳು ಇವು.

ಮೊದಲನೆಯದು, ಖಾಲಿ ಉತ್ತರ. ಅಳೆಯುವ ಯಂತ್ರ ಕೆಟ್ಟಿದೆ. ಹರಿವಿನ ಜಾಗದಲ್ಲಿ ‘ನಲ್’, ಅಂದರೆ ಏನೂ ಇಲ್ಲ ಎಂದು ಬರುತ್ತದೆ. ವೆಬ್ ಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟ್‌ಗೆ ಒಂದು ವಿಚಿತ್ರ ಗುಣವಿದೆ. ನಲ್ ಅನ್ನು ಒಂದು ಸಂಖ್ಯೆಯೊಡನೆ ಹೋಲಿಸಿ ದೊಡ್ಡದೇ ಚಿಕ್ಕದೇ ಎಂದು ಕೇಳಿದರೆ ಅದು ನಲ್ ಅನ್ನು ಸೊನ್ನೆ ಎಂದು ಹಿಡಿಯುತ್ತದೆ. ಸೊನ್ನೆ 1 ಲಕ್ಷಕ್ಕಿಂತ ದೊಡ್ಡದೇ? ಅಲ್ಲ. ಹಾಗಾದರೆ ಹಸಿರು! ಯಂತ್ರ ಕೊಚ್ಚಿಹೋಗುವಷ್ಟು ನೀರು ಬಂದ ದಿನವೇ ಪುಟ ‘ದಾರಿ ತೆರೆದಿದೆ’ ಎನ್ನುತ್ತದೆ.

ಎರಡನೆಯದು, ಅಲ್ಪವಿರಾಮ ಬೆರೆತ ಅಂಕಿ. ಯಾರೋ ಗುಮಾಸ್ತರು ನಾವೆಲ್ಲ ಬರೆಯುವಂತೆ ‘1,25,000’ ಎಂದು ಬರೆದಿದ್ದಾರೆ. ಜಾವಾಸ್ಕ್ರಿಪ್ಟ್‌ಗೆ ಅದು ಸಂಖ್ಯೆಯಲ್ಲ, ಅಕ್ಷರಗಳ ಸಾಲು. ಅದನ್ನು ಸಂಖ್ಯೆ ಮಾಡಲು ಹೋಗಿ ಸೋಲುತ್ತದೆ. ಸೋತ ಮೇಲೆ ‘1 ಲಕ್ಷಕ್ಕಿಂತ ದೊಡ್ಡದೇ’ ಎಂಬ ಪ್ರಶ್ನೆಗೆ ಉತ್ತರ ಯಾವಾಗಲೂ ‘ಅಲ್ಲ’. ಮತ್ತೆ ಹಸಿರು!

ಮೂರನೆಯದು ಇನ್ನೂ ಮೋಜಿನದು. ಹರಿವು, ಮಿತಿ ಎರಡೂ ಉದ್ಧರಣ ಚಿಹ್ನೆಗಳೊಳಗೆ, ಅಕ್ಷರಗಳಾಗಿ ಬಂದವೆನ್ನಿ. ಆಗ ಹೋಲಿಕೆ ನಿಘಂಟಿನ ಪದಗಳ ಕ್ರಮದಲ್ಲಿ, ಮೊದಲ ಅಂಕಿಯಿಂದ ನಡೆಯುತ್ತದೆ. 98000ದ ಮೊದಲ ಅಂಕಿ 9, 100000ದ ಮೊದಲ ಅಂಕಿ 1. ಆದ್ದರಿಂದ 98 ಸಾವಿರವೇ 1 ಲಕ್ಷಕ್ಕಿಂತ ದೊಡ್ಡದು! ಈ ಸಲ ಸುಮ್ಮನೆ ಕೆಂಪಾಗುತ್ತದೆ. ಎರಡು ಸಲ ಸುಮ್ಮನೆ ಕೆಂಪು ತೋರಿದ ಪುಟವನ್ನು ಮೂರನೆಯ ಸಲ ಯಾರೂ ನಂಬುವುದಿಲ್ಲ.

ನಾಲ್ಕನೆಯದು, ತಡವಾದ ಉತ್ತರ. ಮಳೆಯ ದಿನ ಜಾಲ ಸರಿಯಾಗಿ ಸಿಗುವುದಿಲ್ಲ. ಅಣಕು ಸರ್ವರ್‌ಗೆ ‘20 ಸೆಕೆಂಡು ತಡೆದು ಉತ್ತರಿಸು’ ಎಂದು ಹೇಳಬಹುದು. ಅಷ್ಟು ಹೊತ್ತು ಪುಟ ಏನು ತೋರಿಸುತ್ತದೆ? ಬಿಳಿಯ ತೆರೆಯೇ? ‘ಮಾಹಿತಿ ಬರುತ್ತಿದೆ’ ಎಂಬ ಮಾತೇ? ಅಥವಾ ಉತ್ತರ ಬರುವ ಮೊದಲೇ ಹಸಿರು ಬಣ್ಣ ಬಳಿದು ಕುಳಿತಿದೆಯೇ?

ಐದನೆಯದು, ತಪ್ಪಿನ ಸಂಕೇತ. 404 ಬಂದಾಗಲೂ 503 ಬಂದಾಗಲೂ ಪುಟ ಒಂದೇ ಮಾತು ಹೇಳಿದರೆ ಓದುವವರಿಗೆ ದಾರಿ ತಪ್ಪುತ್ತದೆ. ಇದು ಪರೀಕ್ಷೆಯ ಫಲಿತಾಂಶಕ್ಕೂ ಅನ್ವಯಿಸುವ ಮಾತು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಮನೆಮನೆಯಲ್ಲೂ ತಂದೆ ತಾಯಿ ಮಕ್ಕಳು ಮೊಬೈಲಿನ ಸುತ್ತ ಕೂಡುತ್ತಾರೆ. ಯಾವುದೇ ಫಲಿತಾಂಶದ ಪುಟ ‘ಈಗ ಒತ್ತಡ ಹೆಚ್ಚಿದೆ, ಸ್ವಲ್ಪ ಹೊತ್ತು ಬಿಟ್ಟು ನೋಡಿ’ ಎನ್ನಬೇಕಾದ ಜಾಗದಲ್ಲಿ ‘ಈ ಸಂಖ್ಯೆಯ ವಿದ್ಯಾರ್ಥಿ ಇಲ್ಲ’ ಎಂದರೆ ಹದಿನಾರು ವರ್ಷದ ಮಗುವಿನ ಎದೆ ಏನಾಗಬೇಡ? ಆ ಎರಡು ವಾಕ್ಯಗಳ ವ್ಯತ್ಯಾಸವನ್ನು ಮುಂಚೆಯೇ ತಾಲೀಮು ಮಾಡಿ ನೋಡುವುದು ಕಷ್ಟದ ಕೆಲಸವಲ್ಲ. ಅಣಕು ಸರ್ವರ್‌ಗೆ ಸಂಕೇತ ಬದಲಿಸಿ ಕೊಟ್ಟರೆ ಸಾಕು.

ಆರನೆಯದು ಎಲ್ಲಕ್ಕಿಂತ ಕಪಟಿ. ಸಂಕೇತ 200, ಅಂಕಿ ಸರಿಯಾದ ರೂಪದಲ್ಲಿದೆ, ಎಲ್ಲವೂ ಚೆಂದ. ಆದರೆ ಅದು ನಿನ್ನೆ ಬೆಳಗಿನ ಅಳತೆ! ಹೊಳೆ ರಾತ್ರೋರಾತ್ರಿ ಏರುತ್ತದೆ. ಅಳತೆಯ ಸಮಯವನ್ನು ದೊಡ್ಡದಾಗಿ ತೋರಿಸದ ಪುಟ, ಹಳೆಯದಾದರೆ ಹಸಿರನ್ನು ತೆಗೆದುಹಾಕದ ಪುಟ ಸುಳ್ಳು ಹೇಳದೆಯೇ ಮೋಸ ಮಾಡುತ್ತದೆ.

ಈ ಆರನ್ನೂ ನೋಡಿದ ಹುಡುಗಿ ತನ್ನ ಪುಟಕ್ಕೆ ಮೂರನೆಯ ಬಣ್ಣವೊಂದನ್ನು ಸೇರಿಸುತ್ತಾಳೆ. ಬೂದು. ಅದರ ಕೆಳಗೆ ಒಂದು ಸಾಲು: ‘ಮಾಹಿತಿ ಇಲ್ಲ. ದಾರಿ ತೆರೆದಿದೆ ಎಂದು ತಿಳಿಯಬೇಡಿ.’ ಇಡೀ ಪ್ರಾಜೆಕ್ಟಿನಲ್ಲಿ ಅತ್ಯಂತ ಬೆಲೆಯುಳ್ಳ ಸಾಲು ಇದೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಲು ಒಂದು ಯಂತ್ರಕ್ಕೆ ಕಲಿಸಿದ್ದು ಸಣ್ಣ ಸಾಧನೆಯಲ್ಲ. ಮನುಷ್ಯರಿಗೇ ಅದು ಸುಲಭವಾಗಿ ಬರುವುದಿಲ್ಲ!

ಸಿನಿಮಾದ ಡ್ಯೂಪ್

ಈ ಉಪಾಯ ನಿನ್ನೆ ಮೊನ್ನೆಯದಲ್ಲ. ಟಿಮ್ ಮ್ಯಾಕಿನನ್, ಸ್ಟೀವ್ ಫ್ರೀಮನ್, ಫಿಲಿಪ್ ಕ್ರೇಗ್ ಎಂಬ ಮೂವರು 2000ದಲ್ಲಿ ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ನಡೆದ ಸಮ್ಮೇಳನವೊಂದಕ್ಕೆ ಪ್ರಬಂಧ ಬರೆದು, ಪರೀಕ್ಷೆಗಾಗಿ ಅಣಕು ವಸ್ತುಗಳನ್ನು ಬಳಸುವ ಕ್ರಮವನ್ನು ವಿವರಿಸಿದರು. ಜೆರಾರ್ಡ್ ಮೆಸಾರೋಸ್ ಎಂಬುವರು 2007ರಲ್ಲಿ ಹೊರತಂದ ಗ್ರಂಥದಲ್ಲಿ ಇಂಥ ಬದಲಿಗಳಿಗೆಲ್ಲ ‘ಟೆಸ್ಟ್ ಡಬಲ್’ ಎಂಬ ಹೆಸರನ್ನು ಬಳಸಿದರು. ಹೆಸರು ಬಂದದ್ದು ಸಿನಿಮಾದಿಂದ. ನಾಯಕನ ಬದಲಿಗೆ ಕಟ್ಟಡದಿಂದ ಜಿಗಿಯುವವನನ್ನು ನಾವು ‘ಡ್ಯೂಪ್’ ಎನ್ನುತ್ತೇವಲ್ಲ, ಅವನೇ ಇವನು.

ನಮ್ಮ ರಾಜ್ಯಕ್ಕೂ ಇದರಲ್ಲಿ ಪಾಲಿದೆ. ಎಪಿಐಗಳನ್ನು ಪರೀಕ್ಷಿಸಲು ಜಗತ್ತಿನ ಎಷ್ಟೋ ದೇಶಗಳಲ್ಲಿ ಬಳಸುವ ‘ಪೋಸ್ಟ್‌ಮನ್’ ಎಂಬ ಸಾಧನವನ್ನು ಅಭಿನವ್ ಅಸ್ಥಾನಾ 2012ರಲ್ಲಿ ಬಿಡುವಿನ ಕೆಲಸವಾಗಿ ಆರಂಭಿಸಿದರು. 2014ರಲ್ಲಿ ಅಂಕಿತ್ ಸೋಬ್ತಿ, ಅಭಿಜಿತ್ ಕಾಣೆ ಅವರೊಡಗೂಡಿ ಬೆಂಗಳೂರಿನಲ್ಲಿ ಅದು ಕಂಪನಿಯಾಯಿತು. ಅಣಕು ಸರ್ವರ್ ಎಬ್ಬಿಸುವ ಅನುಕೂಲವೂ ಅದರಲ್ಲಿದೆ. ಜೇಸನ್ ಸರ್ವರ್, ಮಾಕ್ ಸರ್ವಿಸ್ ವರ್ಕರ್, ವೈರ್‌ಮಾಕ್ ಮುಂತಾದ ಸಾಧನಗಳನ್ನು ಹಣ ಕೊಡದೆ ಬಳಸಬಹುದು. ಒಮ್ಮೆ ಇಳಿಸಿಕೊಂಡರೆ ಇವು ಅಂತರ್ಜಾಲವಿಲ್ಲದೆಯೂ ನಡೆಯುತ್ತವೆ. ಜಾಲ ಬಂದು ಹೋಗುವ ಊರಿನಲ್ಲಿ ಕುಳಿತು ಓದುವ ಮಕ್ಕಳಿಗೆ ಇದು ಸಣ್ಣ ಲಾಭವಲ್ಲ.

ನಾಯಕಿ ಬೇರೆ ಮಾತು ಹೇಳಿದರೆ?

ಮತ್ತೆ ನಾಟಕಕ್ಕೆ ಬರೋಣ. ತಿಂಗಳುಗಟ್ಟಲೆ ಮಾಸ್ತರರ ಜೊತೆ ತಾಲೀಮು ಮಾಡಿದ ನಾಯಕನಿಗೆ ಪ್ರಯೋಗದ ರಾತ್ರಿ ಒಂದು ಆಘಾತ ಕಾದಿರುತ್ತದೆ. ನಾಯಕಿ ಹತ್ತೂರಲ್ಲಿ ಪಾತ್ರ ಮಾಡಿದವಳು. ಮಾಸ್ತರರು ಹೇಳಿಕೊಟ್ಟ ಮಾತಿನ ಕೊನೆಯ ಪದವನ್ನು ಬಿಟ್ಟು ಬೇರೆ ಪದ ಹೇಳಿಬಿಡುತ್ತಾಳೆ. ಆ ಪದಕ್ಕಾಗಿ ಕಿವಿ ಇಟ್ಟುಕೊಂಡಿದ್ದ ನಾಯಕ ಬಾಯಿ ತೆರೆದು ನಿಲ್ಲುತ್ತಾನೆ. ಜನ ಸಿಳ್ಳೆ ಹಾಕುತ್ತಾರೆ.

ಅಣಕು ಉತ್ತರದ ದೊಡ್ಡ ಅಪಾಯವೂ ಇದೇ. ಅದನ್ನು ಬರೆದವರು ನಾವೇ. ಸರ್ವರ್ ಹೀಗೆ ಹೇಳುತ್ತದೆ ಎಂದು ನಾವು ಊಹಿಸಿದ್ದನ್ನೇ ಅದು ಹೇಳುತ್ತದೆ. ನಮ್ಮ ಊಹೆ ತಪ್ಪಾಗಿದ್ದರೆ ಪುಟವೂ ಅಣಕು ಸರ್ವರೂ ಕೂಡಿ ಒಂದೇ ತಪ್ಪನ್ನು ಮಾಡುತ್ತ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆಯುತ್ತವೆ! ನಿಜವಾದ ಸರ್ವರ್ ‘ಹರಿವು’ ಎಂಬ ಹೆಸರನ್ನು ‘ಒಳಹರಿವು’ ಎಂದು ಬದಲಿಸಿದ್ದು ಅವಕ್ಕೆ ಗೊತ್ತೇ ಆಗುವುದಿಲ್ಲ.

ಇದಕ್ಕೆ ಔಷಧ ಎರಡು. ಒಂದು, ಅಣಕು ಉತ್ತರವನ್ನು ತಲೆಯಿಂದ ಬರೆಯದೆ, ಸಾಧ್ಯವಾದಾಗ ನಿಜವಾದ ಸರ್ವರ್‌ನಿಂದ ಬಂದ ಉತ್ತರವನ್ನು ಹಾಗೆಯೇ ಉಳಿಸಿಟ್ಟುಕೊಂಡು ಅದರಿಂದ ಹೊರಡುವುದು. ಎರಡು, ಆಗಾಗ ನಿಜವಾದ ಉತ್ತರವನ್ನೂ ಅಣಕು ಉತ್ತರವನ್ನೂ ಪಕ್ಕಪಕ್ಕ ಇಟ್ಟು ರೂಪ ಒಂದೇ ಇದೆಯೇ ಎಂದು ನೋಡುವುದು. ಕರಾರಿನ ಎರಡು ಪ್ರತಿಗಳನ್ನು ತಾಳೆ ನೋಡಿದ ಹಾಗೆ. ಇದನ್ನು ಕರಾರು ಪರೀಕ್ಷೆ ಎಂದೇ ಕರೆಯುತ್ತಾರೆ. ಮಾಸ್ತರರ ತಾಲೀಮು ಎಷ್ಟೇ ಆದರೂ, ಪರದೆ ಏಳುವ ಮೊದಲು ನಾಯಕಿಯ ಜೊತೆ ಒಂದು ಸಲವಾದರೂ ಪೂರ್ತಿ ನಾಟಕ ಆಡಿ ನೋಡಲೇಬೇಕು.

ತಾಲೀಮು ಬೀದಿಗೆ ಬಂದರೆ

ಇನ್ನೊಂದು ಎಚ್ಚರಿಕೆ. ಅಮೆರಿಕದ ಹವಾಯಿ ದ್ವೀಪಗಳಲ್ಲಿ 2018ರ ಜನವರಿ 13ರ ಬೆಳಿಗ್ಗೆ ಜನರ ಮೊಬೈಲುಗಳಿಗೆ ‘ಕ್ಷಿಪಣಿ ಬರುತ್ತಿದೆ, ಕೂಡಲೇ ಆಶ್ರಯ ಪಡೆಯಿರಿ’ ಎಂಬ ಸಂದೇಶ ಬಂತು. ಕ್ಷಿಪಣಿ ಎಲ್ಲಿಯೂ ಇರಲಿಲ್ಲ. ತಾಲೀಮಿನ ಕರೆಯನ್ನು ನಿಜವೆಂದು ಭಾವಿಸಿದ ನೌಕರನೊಬ್ಬ ನಿಜವಾದ ಎಚ್ಚರಿಕೆಯನ್ನೇ ಕಳಿಸಿಬಿಟ್ಟಿದ್ದ. ಅದು ಸುಳ್ಳೆಂದು ಎರಡನೆಯ ಸಂದೇಶ ಬರಲು 38 ನಿಮಿಷ ಹಿಡಿಯಿತು. ಅಷ್ಟು ಹೊತ್ತು ಜನ ಜೀವ ಕೈಯಲ್ಲಿ ಹಿಡಿದು ಕೂತಿದ್ದರು.

ನಮ್ಮ ಹುಡುಗಿಯ ಕೆಂಪು ಪುಟದ ಚಿತ್ರವನ್ನು ಗೆಳೆಯನೊಬ್ಬ ತಮಾಷೆಗೆ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದನೆನ್ನಿ. ಅದು ಏಪ್ರಿಲ್ ಆದರೆ ಜನ ನಕ್ಕಾರು. ಆಗಸ್ಟ್ ಆದರೆ? ಜುಗೂಳದಿಂದ ಕುಡಚಿಯವರೆಗೆ ನದಿ ದಂಡೆಯ ಊರುಗಳು ರಾತ್ರಿ ನಿದ್ದೆಗೆಡುತ್ತವೆ. ಆದ್ದರಿಂದ ಅಣಕು ಉತ್ತರ ಬಳಸುವ ಪ್ರತಿ ಪುಟದ ಮೇಲೂ ‘ಇದು ತಾಲೀಮು’ ಎಂದು ಅಡ್ಡಲಾಗಿ ದಪ್ಪಕ್ಷರದಲ್ಲಿ ಬರೆದಿರಬೇಕು. ಪುಟ ಸಾರ್ವಜನಿಕರ ಮುಂದೆ ಹೋಗುವಾಗ ಅಣಕು ಸರ್ವರಿನ ಒಂದು ಎಳೆಯೂ ಅದರಲ್ಲಿ ಉಳಿಯಬಾರದು.

ಪ್ರಾಜೆಕ್ಟಿನ ಮೌಖಿಕ ಪರೀಕ್ಷೆಯ ದಿನಕ್ಕೂ ಇದೇ ನೀತಿ. ಆ ಹೊತ್ತಿಗೇ ಜಾಲ ಕೈಕೊಡುವುದು ವಾಡಿಕೆ. ಅಣಕು ಉತ್ತರದಿಂದ ಪುಟವನ್ನು ತೋರಿಸುವುದು ತಪ್ಪಲ್ಲ. ಆದರೆ ‘ಸರ್, ಇದು ಅಣಕು ಉತ್ತರ, ನಿಜವಾದ ಸರ್ವರ್ ಅಲ್ಲ’ ಎಂದು ಮೊದಲೇ ಹೇಳಬೇಕು. ಹೇಳಿದರೆ ಅದು ಜಾಣತನ. ಮುಚ್ಚಿಟ್ಟರೆ ನಕಲು ಮಾಡಿದ ಹಾಗೆ.

ತಂದೆ ತಾಯಿ ಕೇಳಬೇಕಾದ ಪ್ರಶ್ನೆ

ಮಕ್ಕಳು ಏನು ಓದುತ್ತಾರೋ ನಮಗೆ ತಿಳಿಯುವುದಿಲ್ಲ ಎಂದು ಬಹಳ ತಂದೆ ತಾಯಿಗಳು ದೂರವೇ ನಿಲ್ಲುತ್ತಾರೆ. ಹಾಗೆ ನಿಲ್ಲಬೇಕಾಗಿಲ್ಲ. ಮಗನೋ ಮಗಳೋ ತಾನು ಮಾಡಿದ ಪುಟವನ್ನು ತೋರಿಸಿದಾಗ ಮೂರೇ ಪ್ರಶ್ನೆ ಕೇಳಿ. ಉತ್ತರ ಬರದಿದ್ದರೆ ಇದು ಏನು ತೋರಿಸುತ್ತದೆ? ಉತ್ತರ ಹಳೆಯದಾಗಿದ್ದರೆ ನನಗೆ ಹೇಗೆ ಗೊತ್ತಾಗಬೇಕು? ಈಗ ಕಾಣುತ್ತಿರುವುದು ನಿಜದ ಅಂಕಿಯೋ ತಾಲೀಮಿನದೋ? ಈ ಪ್ರಶ್ನೆಗಳಿಗೆ ಗಣಕಯಂತ್ರ ಓದಿರಬೇಕಾಗಿಲ್ಲ. ಹೊಳೆಯ ದಂಡೆಯಲ್ಲಿ ಬಾಳಿದವರಿಗೆ ಇವು ತಾವಾಗಿಯೇ ಹೊಳೆಯುತ್ತವೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಮುಂದಿನ ಪ್ರಾಜೆಕ್ಟ್ ಯಾವುದೇ ಇರಲಿ, ಒಳ್ಳೆಯ ಉತ್ತರವೊಂದನ್ನು ಬರೆದಿಟ್ಟ ಮೇಲೆ ಅದರ ಪಕ್ಕದಲ್ಲೇ ಕೆಟ್ಟ ಉತ್ತರಗಳನ್ನೂ ಬರೆದಿಡಿ. ಖಾಲಿ, ತಡ, ತಪ್ಪು, ಹಳತು. ಒಂದು ಉದ್ದನೆಯ ಊರ ಹೆಸರನ್ನೂ ಸೇರಿಸಿ. ‘ಬಾವನಸೌಂದತ್ತಿ’ ಎಂಬ ಹೆಸರು ನಿಮ್ಮ ಚಿಕ್ಕ ಚೌಕದೊಳಗೆ ಹಿಡಿಸುತ್ತದೆಯೇ ನೋಡಿ. ಅರ್ಧ ದಿನದ ಕೆಲಸ ಅದು.

ಜೂನ್ ಕಳೆದು ಸಹ್ಯಾದ್ರಿಯ ಮೇಲೆ ಮೋಡ ಕಟ್ಟಿದಾಗ, ಮಗಳು ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಮೊಬೈಲ್ ನೋಡುತ್ತಾಳೆ. ತೆರೆಯ ಮೇಲೆ ಬೂದು ಬಣ್ಣ, ‘ಮಾಹಿತಿ ಇಲ್ಲ’. ಅವಳು ಚೀಲ ಕೆಳಗಿಟ್ಟು ಅಪ್ಪನಿಗೆ ಹೇಳುತ್ತಾಳೆ: “ಅಪ್ಪಾ, ಸೇತುವಿ ತನಕಾ ಹೋಗಿ ನೋಡಿ ಬಾ. ಆಮ್ಯಾಲೆ ಹೊಂಡತೀನಿ.”